ನಾಲ್ಕು ಒಲೆಯ ಪ್ರೊಸೆಸರ್

ನಮ್ಮ ಮನೆಯ ನಡುವೆ ಗೋಡೆ ಎದ್ದಾಗ ಗೌಂಡಿ ಹಿಂದುಗಡೆ ಬಚ್ಚಲಿನ ಪಕ್ಕ ಒಬ್ಬರು ಹಾಯುವಷ್ಟು ಸಂದು ಬಿಟ್ಟ. ಪ್ರೀತಿಗೆ ಬಿಟ್ಟದ್ದಲ್ಲ. ನಳ ನಮ್ಮ ಪಾಲಿಗೆ ಬಂದಿತ್ತು, ನನ್ನ ಗಂಡನ ಅಣ್ಣ, ಭಾವನ ಪಾಲಿಗೆ ಬಂದಿರಲಿಲ್ಲ. ಅವರ ಕಡೆ ಬೇರೆ ನಳ ಬರುವ ತನಕ ನೀರು ಒಯ್ಯಲಿಕ್ಕೆ ದಾರಿ ಇರಲಿ, ನಳ ಬಂದ ಕೂಡಲೇ ಮುಚ್ಚಿಬಿಡಲಿ ಎಂದು ಓಣಿಯ ಹಿರಿಯರು ಕೂತು ಹೇಳಿದರು. ಅಣ್ಣತಮ್ಮ ಇಬ್ಬರೂ ಹೂಂ ಎಂದರು. ಅವರು ಒಂದೇ ಮಾತಿಗೆ ಕೂಡಿ ಹೂಂ ಎಂದದ್ದು ಅದೇ ಕಡೆಯ ಸಲ.

ಜಗಳ ಕಾಲುವೆಯದು. ಕಾಲುವೆ ಬರುವ ಮೊದಲು ನಮ್ಮ ಮಾವನ ಹೊಲದಲ್ಲಿ ಜೋಳ, ತೊಗರಿ ಬೆಳೆಯುತ್ತಿದ್ದವಂತೆ. ಮಳೆ ಬಂದರೆ ಎಲ್ಲರಿಗೂ ಬರುತ್ತಿತ್ತು, ಬರದಿದ್ದರೆ ಯಾರಿಗೂ ಇಲ್ಲ. ಜಗಳಾಡಲಿಕ್ಕೆ ಆಸ್ಪದವೇ ಇರಲಿಲ್ಲ. ಕಾಲುವೆ ಬಂದ ಮೇಲೆ ಭತ್ತ ಬಂತು, ಭತ್ತದ ಹಿಂದೆ ನೀರಿನ ಪಾಳಿ ಬಂತು. ಹೊಲ ಹಂಚುವಾಗ ಮೇಲಿನದು ಭಾವನಿಗೆ, ಕೆಳಗಿನದು ನಮ್ಮ ಮನೆಯವರಿಗೆ ಬಿತ್ತು. ಒಂದು ಸಲ ನಮ್ಮ ಪಾಳಿಯ ದಿನ ನೀರು ಮೇಲಿನ ಹೊಲದಲ್ಲೇ ನಿಂತುಕೊಂಡಿತು. ನಮ್ಮ ಮನೆಯವರು ಹೋಗಿ ಒಡ್ಡು ಕಡಿದರು. ಭಾವ ಬಂದರು. ಇಬ್ಬರ ಕೈಯಲ್ಲೂ ಸಲಿಕೆ ಇತ್ತು, ಪುಣ್ಯಕ್ಕೆ ಬಾಯಷ್ಟೇ ಕೆಲಸ ಮಾಡಿತು. ಇನ್ನು ನಿನ್ನ ಮನೆಯ ನೀರು ಮುಟ್ಟುವುದಿಲ್ಲ ಎಂದು ಭಾವ ಆಣೆ ಮಾಡಿದರು. ಆ ಸಿಟ್ಟಿನಲ್ಲೇ ಒಲೆ ಬೇರೆಯಾದವು, ಗೋಡೆ ಎದ್ದಿತು. ಗೋಡೆ ಎದ್ದ ಮೇಲೆ ನೋಡಿದರೆ ನಳ ನಮ್ಮ ಕಡೆ ಉಳಿದಿತ್ತು. ಅದು ಪುರಸಭೆಯ ನೀರು, ತಮ್ಮನ ನೀರಲ್ಲ ಎಂದು ಭಾವ ತಾವೇ ತೀರ್ಪು ಕೊಟ್ಟುಕೊಂಡು ಕುಡಿದರು.

ಭಾವನ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತೇನೆ, ನಮ್ಮ ಮನೆಯವರು ವೈನಿ ಅನ್ನುತ್ತಾರೆ. ಹುಣಸಗಿ ಕಡೆಯವಳು. ನಾನು ಸುರಪುರದಿಂದ ಶಹಾಪುರದ ಈ ಮನೆಗೆ ಸೊಸೆಯಾಗಿ ಬಂದಾಗ ನನಗೆ ಟೈಪಿಂಗ್ ಬರುತ್ತಿತ್ತು, ರೊಟ್ಟಿ ಬರುತ್ತಿರಲಿಲ್ಲ. ನಾನು ಕಲಿಯುವ ತನಕ ನನ್ನ ಪಾಲಿನ ರೊಟ್ಟಿಯನ್ನೂ ಅಕ್ಕನೇ ಬಡಿದು, ಅತ್ತೆ ಕೇಳಿದರೆ ಇವಳೇ ಬಡಿದದ್ದು ಎಂದು ನನ್ನ ಕಡೆ ಬೊಟ್ಟು ತೋರಿಸುತ್ತಿದ್ದಳು. ಬಾಣಂತನಕ್ಕೆ ನನ್ನ ತಾಯಿ ಬಂದು ಹೋದಳು, ಅಕ್ಕ ಎಲ್ಲಿಗೂ ಹೋಗಲಿಲ್ಲ. ನನಗೆ ಒಡಹುಟ್ಟಿದ ಅಕ್ಕಂದಿರೂ ಇದ್ದಾರೆ, ಅವರ ಬಗ್ಗೆ ಬರೆಯೆಂದರೆ ನನಗೆ ಒಂದು ಸಾಲೂ ಹೊಳೆಯುವುದಿಲ್ಲ. ಈಕೆಯೆಂದರೆ ನನಗೆ ಜೀವ. ಹಾಗಾಗಿ ಆ ಸಂದು ಮುಚ್ಚಿದರೆ ಹೋಗುವುದು ನೀರಿನ ದಾರಿಯಲ್ಲ, ಅಕ್ಕ ಎಂಬುದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಮುಂದಿನ ಬಾಗಿಲಿನಿಂದ ಅವಳು ಬರುವಂತಿರಲಿಲ್ಲ. ಹೊಲದಿಂದ ಬಂದ ಮೇಲೆ ಭಾವ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ, ಆ ಕಟ್ಟೆಯನ್ನು ದಾಟದೆ ನಮ್ಮ ಬಾಗಿಲಿಗೆ ಬರಲು ಬೇರೆ ದಾರಿ ಇರಲಿಲ್ಲ.

ನಮ್ಮ ಓಣಿಯ ನಳಕ್ಕೆ ಹೊತ್ತುಗೊತ್ತು ಇಲ್ಲ. ಮಧ್ಯಾಹ್ನ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಅಕ್ಕ ಊಟ ಮುಗಿಸಿ ಕೊಡ ತಂದು ನಳದ ಕೆಳಗೆ ಇಟ್ಟು, ಒಳಗೆ ಬಂದು ಕಾಯುತ್ತಿದ್ದಳು. ಕಾಯುವುದು ತಪ್ಪಲ್ಲ, ಭಾವನಿಗೂ ಅದಕ್ಕೆ ತಕರಾರು ಹೇಳಲು ಬರುತ್ತಿರಲಿಲ್ಲ. ನಾನು ಮುಂದಿನ ಕೋಣೆಯಲ್ಲಿ ಡಿ.ಟಿ.ಪಿ. ಅಂಗಡಿ ಇಟ್ಟುಕೊಂಡಿದ್ದೆ. ಲಗ್ನಪತ್ರಿಕೆ, ಅರ್ಜಿ, ಬಾಡಿಗೆ ಕರಾರು ಎಲ್ಲ ಟೈಪು ಮಾಡಿ ಕೊಡುತ್ತಿದ್ದೆ. ಮಧ್ಯಾಹ್ನ ಗಿರಾಕಿ ಇರುತ್ತಿರಲಿಲ್ಲ. ಫ್ಯಾನ್ ಇತ್ತು, ಕಂಪ್ಯೂಟರ್ ಇತ್ತು, ಕಂಪ್ಯೂಟರಿನಲ್ಲಿ ಆ ಆಟ ಇತ್ತು.

ಕಂಪ್ಯೂಟರನ್ನು ನಾವು ಸುರಪುರದಲ್ಲಿ ಮುಚ್ಚಿಹೋದ ಒಂದು ತರಬೇತಿ ಕೇಂದ್ರದಿಂದ ತಂದಿದ್ದೆವು. ಯಾರೋ ಹಾಕಿಬಿಟ್ಟಿದ್ದ ಆಟ ಅದರೊಳಗೇ ಉಳಿದು ಜೊತೆಗೆ ಬಂದಿತ್ತು. ಅದರಲ್ಲಿ ಗುಂಡು ಹಾರಿಸುವುದು, ಕಾರು ಓಡಿಸುವುದು ಏನೂ ಇಲ್ಲ. ಮಂದಿಯನ್ನು ಮಾಡಬೇಕು, ಮನೆ ಕಟ್ಟಬೇಕು, ಆಮೇಲೆ ಅವರು ತಮ್ಮ ಪಾಡಿಗೆ ಬದುಕುತ್ತಾರೆ. ಹಸಿವಾದರೆ ಒಲೆಯ ಹತ್ತಿರ ಹೋಗುತ್ತಾರೆ, ನಿದ್ದೆ ಬಂದರೆ ಮಲಗುತ್ತಾರೆ, ಜಳಕ ತಪ್ಪಿದರೆ ಮುಖ ಸಿಂಡರಿಸುತ್ತಾರೆ. ಯಾರಿಗೂ ತಿಳಿಯದ ಭಾಷೆಯಲ್ಲಿ ಮಾತಾಡುತ್ತಾರೆ, ಅದೇ ಭಾಷೆಯಲ್ಲಿ ಜಗಳಾಡುತ್ತಾರೆ. ಇದರಲ್ಲಿ ಆಟ ಎಲ್ಲಿದೆ ಎಂದು ನಮ್ಮ ಮನೆಯವರು ಒಮ್ಮೆ ಹಿಂದೆ ನಿಂತು ನೋಡಿ ಕೇಳಿದರು. ನನಗೂ ಉತ್ತರ ಗೊತ್ತಿರಲಿಲ್ಲ.

ಅಕ್ಕನಿಗೆ ಗೊತ್ತಿತ್ತು. ಮೌಸ್ ಹಿಡಿಯಲು ಕಲಿತ ಕೂಡಲೇ ಅವಳು ಮೊದಲು ಮಾಡಿದ್ದು ನಮ್ಮ ಅತ್ತೆಮಾವನನ್ನು. ಇಬ್ಬರೂ ತೀರಿಹೋಗಿ ವರ್ಷಗಳಾಗಿದ್ದವು. ಅದಕ್ಕೇನು, ಮನೆಗೆ ಹಿರಿಯರು ಬೇಕಲ್ಲ ಎಂದಳು. ಆಮೇಲೆ ಭಾವ, ನಮ್ಮ ಮನೆಯವರು, ತಾನು, ನಾನು, ಮಕ್ಕಳು. ಮನೆಯನ್ನು ಹಳೆಯ ನಮೂನೆಯಲ್ಲೇ ಕಟ್ಟಿದಳು: ಉದ್ದನೆಯ ಪಡಸಾಲೆ, ಒಂದು ಬಾಗಿಲು, ಒಂದು ಒಲೆ. ಗೋಡೆ ಹಾಕಲಿಲ್ಲ. ಎರಡನೆಯ ದಿನಕ್ಕೇ ಆಟದ ಅತ್ತೆ ಆಟದ ಅಕ್ಕನ ಮೇಲೆ ಕೈ ಬೀಸಿ ಬೀಸಿ ಬೈಯತೊಡಗಿದಳು. ನಾನು ಗಾಬರಿಯಾಗಿ ನೋಡಿದೆ. ಬರೋಬರಿ ಅದ ಬಿಡು, ಖರೇ ಅತ್ತಿನೇ ಇದು ಎಂದು ಅಕ್ಕ ಸಮಾಧಾನಪಟ್ಟುಕೊಂಡಳು.

ತೊಂದರೆ ಶುರುವಾದದ್ದು ಬಂದುಹೋಗುವವರಿಂದ. ಆ ಆಟದಲ್ಲಿ ನೆರೆಯವರು ಬಂದು ಬಾಗಿಲ ಗಂಟೆ ಒತ್ತುತ್ತಾರೆ. ಎರಡು ಮಾತಾಡಿ ಕಳಿಸಿಬಿಡಬಹುದು. ಆಟ ಮಾಡಿದವರ ಊರಲ್ಲಿ ಹಾಗೇ ಕಳಿಸುತ್ತಾರೇನೋ. ಅಕ್ಕ ಒಬ್ಬರನ್ನೂ ಉಣ್ಣದೆ ಕಳಿಸಲಿಲ್ಲ. ಟಪಾಲಿನವನು ಉಂಡ. ಪೇಪರ್ ಹಾಕುವವಳು ಉಂಡಳು. ಒಮ್ಮೆ ಆಟದ ಮನೆಗೆ ಕಳ್ಳ ನುಗ್ಗಿದ. ಪೊಲೀಸರಿಗೆ ಫೋನ್ ಹಚ್ಚು ಎಂದು ನಾನು ಬಡಕೊಂಡೆ, ಅಕ್ಕ ಅಡುಗೆಗೆ ಇಟ್ಟಳು. ಅಡುಗೆ ಆಗುವಷ್ಟರಲ್ಲಿ ಅವನು ಟಿ.ವಿ. ಎತ್ತಿಕೊಂಡು ಹೋದ. ಟಿ.ವಿ. ಹೋದದ್ದಕ್ಕೆ ಅಕ್ಕ ಏನೂ ಅನ್ನಲಿಲ್ಲ, ಹಸಿದ ಹೊಟ್ಟೆಯಲ್ಲಿ ಹೋದನಲ್ಲ ಎಂದು ಸಂಜೆಯ ತನಕ ಪೇಚಾಡಿದಳು.

ಹೀಗೆ ಉಂಡವರೆಲ್ಲ ಆಟದ ಲೆಕ್ಕದಲ್ಲಿ ಬಳಗವಾದರು. ಬಳಗವೆಂದ ಮೇಲೆ ಮತ್ತೆ ಬರುತ್ತಾರೆ, ಬರುವಾಗ ಗಂಡನನ್ನೋ ಹೆಂಡತಿಯನ್ನೋ ಕರೆದುಕೊಂಡು ಬರುತ್ತಾರೆ. ಅವರಿಗೆ ಮನೆ ಇಲ್ಲವೆಂದು ಅಕ್ಕ ಪಕ್ಕದ ಜಾಗದಲ್ಲಿ ಮನೆ ಕಟ್ಟಿಕೊಟ್ಟಳು. ಊರು ಬೆಳೆಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಅಷ್ಟೂ ಮಂದಿ ಎದ್ದು ಆ ಒಂದೇ ಬಾಗಿಲಿನ ಮೂಲಕ ಆ ಒಂದೇ ಒಲೆಯ ಕಡೆ ಹೊರಟರು. ಕಂಪ್ಯೂಟರ್ ನಿಂತಿತು.

ಪೂರ್ತಿ ನಿಂತದ್ದಲ್ಲ. ಮಾವ ಒಂದು ಕಾಲು ಎತ್ತಿದವರು ಎತ್ತಿಕೊಂಡೇ ಉಳಿದರು. ಆಟದ ಮೂಲೆಯಲ್ಲಿ ಓಡುತ್ತಿದ್ದ ಗಡಿಯಾರ ನಿಂತಿತು. ಪೆಟ್ಟಿಗೆಯೊಳಗಿನ ಫ್ಯಾನ್ ಮಾತ್ರ ಗಿರಣಿಯ ಹಾಗೆ ಕೂಗತೊಡಗಿತು. ಆಮೇಲೆ ಎಲ್ಲರೂ ಒಮ್ಮೆಲೆ ನಾಲ್ಕು ಹೆಜ್ಜೆ ಜಿಗಿದು ಮತ್ತೆ ನಿಂತರು. ನಾವು ಒತ್ತಿದ್ದು ಅದಕ್ಕೆ ಕೇಳಿಸುತ್ತಲೇ ಇರಲಿಲ್ಲ. ಕೇಳಿಸಿದರೆ ಒತ್ತಿದ್ದೆಲ್ಲ ಒಟ್ಟಿಗೇ ಕೇಳಿಸುತ್ತಿತ್ತು. ಅಕ್ಕ ಒಂದು ಫ್ರಿಜ್ ತರಲು ಹೋಗಿ ಮೂರು ಫ್ರಿಜ್ ತಂದದ್ದು ಹೀಗೆ.

ಯಾದಗಿರಿಯಿಂದ ಬರುವ ರಿಪೇರಿಯವನು ನೋಡಿದ. ಅವನಿಗೆ ಹೆಂಗಸರು ಆಟ ಆಡುವುದೇ ನಗೆಪಾಟಲು, ಆದರೂ ತಿಳಿಸಿ ಹೇಳಿದ. ಚಿತ್ರ ಮೂಡಿಸುವ ಕಾರ್ಡಿನದು ತಪ್ಪಲ್ಲ. ಈ ಆಟದಲ್ಲಿ ಒಬ್ಬೊಬ್ಬರಿಗೂ ಹಸಿವೆಷ್ಟು, ನಿದ್ದೆಯೆಷ್ಟು, ಯಾರ ಮೇಲೆ ಸಿಟ್ಟು, ಒಲೆಗೆ ಹೋಗಲು ಯಾವ ದಾರಿ, ದಾರಿಯಲ್ಲಿ ಯಾರು ಅಡ್ಡ ನಿಂತಿದ್ದಾರೆ, ಎಲ್ಲವನ್ನೂ ಪ್ರೊಸೆಸರೇ ಯೋಚಿಸಬೇಕು. ಪರದೆಯ ಮೇಲೆ ಕಾಣುವವರದಷ್ಟೇ ಅಲ್ಲ, ಊರಲ್ಲಿ ಎಲ್ಲೋ ಕೂತವರದೂ. ಎಲ್ಲರದೂ ಒಂದು ಸುತ್ತು ಮುಗಿದರೆ ಗಡಿಯಾರ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮಂದಿ ಹೆಚ್ಚಾದರೆ ಸುತ್ತು ದೊಡ್ಡದಾಗುತ್ತದೆ, ಹಳೆಯ ಪ್ರೊಸೆಸರ್ ಏದುಸಿರು ಬಿಡುತ್ತದೆ. ಮಂದಿ ಕಡಿಮೆ ಮಾಡಿ, ಇಲ್ಲವೆಂದರೆ ಪ್ರೊಸೆಸರ್ ಬದಲಿಸಿ ಎಂದು ಹೇಳಿ ಹೋದ.

ನಾನು ಅಕ್ಕನಿಗೆ ಮಂದಿ ಕಡಿಮೆ ಮಾಡು ಎಂದೆ. ಯಾರನ್ನು ಎಂದು ಕೇಳಿದಳು. ಟಪಾಲಿನವನನ್ನು ಎಂದೆ. ಅವನು ಉಣ್ಣುವುದೇ ಇಲ್ಲಿ ಎಂದಳು. ಆಮೇಲೆ ಪರದೆಯನ್ನು ನೋಡುತ್ತ ಹೇಳಿದಳು:

"ನಮ್ಮತ್ತಿ ಇದಕ್ಕಿಂತಾ ಜಾಸ್ತಿ ಮಂದೀದು ಯೋಚನಿ ಮಾಡ್ತಿದ್ಲು ತಂಗಿ. ಆಕೀಗೂ ಮಧ್ಯಾಹ್ನ ಆದ್ರ ತಲಿ ನಿಂತು ಬಿಡ್ತಿತ್ತು. ಹಂಗಂತ ಯಾರನ್ನೂ ಹೊರಗ ಹಾಕ್ಲಿಲ್ಲ."

ನನಗೆ ಸಿಟ್ಟು ಬಂತು. ಲಗ್ನದ ಸುಗ್ಗಿಯಲ್ಲಿ ಮಷಿನ್ ಕೆಟ್ಟರೆ ಅತ್ತೆ ಬಂದು ರಿಪೇರಿ ಮಾಡುತ್ತಾಳೇನು ಎಂದು ರೇಗಿದೆ. ಅಕ್ಕ ನನ್ನ ರೇಗಾಟಕ್ಕೆ ಯಾವತ್ತೂ ಬೆಲೆ ಕೊಟ್ಟವಳಲ್ಲ.

ಆದರೆ ಆ ನಿಂತ ಹೊತ್ತು ಇತ್ತಲ್ಲ, ಅದು ಪೂರ್ತಿ ನಮ್ಮದು. ಮಾವ ಕಾಲೆತ್ತಿ ನಿಂತಿರುವಾಗ ನಾವು ಮಾತಾಡುತ್ತಿದ್ದೆವು. ಯಾರ ಮೊಣಕಾಲು ನೋಯುತ್ತಿದೆ, ಯಾವ ಮಗು ಓದುತ್ತಿಲ್ಲ, ಪುಂಡಿಪಲ್ಯಕ್ಕೆ ಈ ಸಲ ಹುಳಿ ಯಾಕೆ ಕಡಿಮೆ. ನಡುನಡುವೆ ಅಕ್ಕ ಅಂಥ ಮಹತ್ವದ್ದೇನಲ್ಲ ಎಂಬಂತೆ, ಅವರು ಮೇಲಿನ ಹೊಲಕ್ಕೆ ಶುಕ್ರವಾರದ ತನಕ ನೀರು ಬಿಟ್ಟುಕೊಳ್ಳುತ್ತಾರಂತೆ, ನಾಟಿ ಉಳಿದಿದೆ ಎನ್ನುತ್ತಿದ್ದಳು. ನಾನು ಆ ಸಂಜೆ, ಶನಿವಾರ ಹೋದರೆ ಸಾಕಲ್ಲ ಹೊಲಕ್ಕೆ ಎಂದು ನಮ್ಮ ಮನೆಯವರಿಗೆ ಹೇಳುತ್ತಿದ್ದೆ. ಶನಿವಾರ ಹೋದರೆ ನೀರು ಬಂದಿರುತ್ತಿತ್ತು. ನಾವು ಕೆಳಗೆ ನೀರು ಸಾಲದೆಂದರೆ ಅದೂ ಅಕ್ಕನ ಬಾಯಿಂದ ಆ ಕಡೆ ಹೋಗುತ್ತಿತ್ತು. ಗೋಡೆ ಎದ್ದ ಮೇಲೆ ಹೊಲದಲ್ಲಿ ಒಂದೂ ಜಗಳ ಆಗಲಿಲ್ಲ. ಅಣ್ಣತಮ್ಮ ಇಬ್ಬರೂ ಇದು ತಮ್ಮ ತಮ್ಮ ಗತ್ತಿನಿಂದ ಎಂದು ತಿಳಿದಿದ್ದರು.

ನಮ್ಮ ಮನೆಯವರಿಗೆ ಮಾತ್ರ ಈ ಮಧ್ಯಾಹ್ನಗಳು ಹಿಡಿಸುತ್ತಿರಲಿಲ್ಲ. ಚಹಾದ ಹೊತ್ತಿಗೆ ಮನೆಗೆ ಬಂದರೆ ಇಬ್ಬರು ಹೆಂಗಸರು ಅಲ್ಲಾಡದ ಚಿತ್ರದ ಮುಂದೆ ಕೂತಿರುತ್ತಿದ್ದೆವು. ಏನು ಮಾಡುತ್ತಿದ್ದೀರಿ ಎಂದರೆ ಊಟ ಮುಗಿಯಲಿ ಎಂದು ಕಾಯುತ್ತಿದ್ದೇವೆ ಎನ್ನುತ್ತಿದ್ದೆ. ಅವರು ವಿಚಾರ ಮಾಡಿ ಒಂದು ನಿರ್ಣಯಕ್ಕೆ ಬಂದರು: ಮಷಿನ್ ನಿಧಾನ ಇರುವುದಕ್ಕೇ ವೈನಿ ಇಷ್ಟು ಹೊತ್ತು ಕೂರುತ್ತಾಳೆ, ಮಷಿನ್ ಜೋರಾದರೆ ಆಟ ಜಲ್ದಿ ಮುಗಿಸಿ ಜಲ್ದಿ ಹೋಗುತ್ತಾಳೆ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಯಾದಗಿರಿಗೆ ಹೋದರು. ಹೊಸ ಪ್ರೊಸೆಸರ್, ಅದು ಕೂರುವುದಕ್ಕೆ ಹೊಸ ಬೋರ್ಡು ಹಾಕಿಸಿಕೊಂಡು ಬಂದರು. ಒಳಗೆ ನಾಲ್ಕು ಕೋರ್ ಇವೆ, ನಾಲ್ಕು ಮಂದಿ ಕೂಡಿ ಯೋಚಿಸಿದಂತೆ ಎಂದು ರಿಪೇರಿಯವನು ಹೇಳಿ ಕಳಿಸಿದ್ದ.

ಸುಳ್ಳು ಹೇಳಬಾರದು, ಜೋರಾಯಿತು. ಮಾವ ಎತ್ತಿದ ಕಾಲನ್ನು ಇಳಿಸಿ ಸೀದಾ ಹೋಗಿ ಊಟಕ್ಕೆ ಕೂತರು. ಗಡಿಯಾರ ಓಡಿತು. ಉಂಡರು, ಎದ್ದರು, ಮಲಗಿದರು, ಮತ್ತೆ ಎದ್ದರು. ಒಂದೇ ಮಧ್ಯಾಹ್ನದಲ್ಲಿ ಅವರ ಎಷ್ಟೋ ದಿನ ಕಳೆದುಹೋದವು. ಅಕ್ಕ ಮತ್ತು ನಾನು ಹಾದುಹೋಗುವ ಬಸ್ಸು ನೋಡಿದಂತೆ ನೋಡುತ್ತ ಕೂತೆವು. ಕಣ್ಣು ಪರದೆ ಬಿಡದಿದ್ದರೆ ಬಾಯಿ ಏನು ಆಡೀತು. ಸ್ವಲ್ಪ ಹೊತ್ತಿಗೆ ಅಕ್ಕ, ನೀರು ಬರುವ ಹಾಗೆ ಕಾಣುವುದಿಲ್ಲ ಎಂದು ಎದ್ದು ಹೋದಳು. ಮರುದಿನವೂ ಹಾಗೇ. ಅದರ ಮರುದಿನ ಕೊಡ ಇಟ್ಟು ಒಳಗೂ ಬರಲಿಲ್ಲ, ನೀರು ತುಂಬಿದಾಗ ಕೂಗು ಎಂದು ಸಂದಿನಿಂದಲೇ ಹೇಳಿ ಹೋದಳು. ನಮ್ಮ ಮನೆಯವರು ಚಹಾ ಕುಡಿಯುತ್ತ, ನೋಡಿದೆಯಾ, ಎಲ್ಲದಕ್ಕೂ ಪ್ರೊಸೆಸರೇ ಕಾರಣ ಎಂದರು. ಆ ಚಹಾ ಅವರ ತಲೆಯ ಮೇಲೆ ಸುರಿಯಬೇಕೆನಿಸಿತು.

ಮುಂದಿನ ಪಾಳಿಗೆ ಭಾವ ಒಂದು ದಿನ ಹೆಚ್ಚಿಗೆ ನೀರು ನಿಲ್ಲಿಸಿಕೊಂಡರು. ನನಗೆ ಸುದ್ದಿ ಇರಲಿಲ್ಲ, ಹಾಗಾಗಿ ನಮ್ಮ ಮನೆಯವರಿಗೂ ಇರಲಿಲ್ಲ. ಒಣ ಕಾಲುವೆ ನೋಡಿ ಮನೆಗೆ ಬಂದವರೇ ಸಲಿಕೆ ಹುಡುಕಿದರು. ನಾನು ಅದನ್ನು ಕಟ್ಟಿಗೆಯ ಹಿಂದೆ ಬಚ್ಚಿಟ್ಟು, ಯಾರೋ ಒಯ್ದರು ಎಂದೆ. ಅಷ್ಟರಲ್ಲಿ ನೀರು ಬಂತು. ಈ ಸಲ ತಪ್ಪಿತು, ಮುಂದಿನ ಸಲ ಎಲ್ಲಿ ಬಚ್ಚಿಡಲಿ ಎಂದು ನನಗೆ ದಿಗಿಲಾಯಿತು.

ಇದು ಅಕ್ಕನ ಕಿವಿಗೂ ಬಿದ್ದಿರಬೇಕು. ಮರುದಿನ ಮಧ್ಯಾಹ್ನ ಕೊಡ ಇಟ್ಟು ಒಳಗೆ ಬಂದು ಕೂತಳು. ನನ್ನ ಮೇಜಿನ ಮೇಲೆ ಅವರಿವರ ಲಗ್ನಪತ್ರಿಕೆಗಳ ಕರಡು ಬಿದ್ದಿದ್ದವು. ಅದರಲ್ಲಿ ಸುಖಾಗಮನ ಬಯಸುವವರು ಎಂದು ಕೆಳಗೆ ಬಳಗದ ಹೆಸರುಗಳನ್ನು ತುಂಬಿಸಿರುತ್ತಾರಲ್ಲ, ಅಕ್ಕ ಒಂದು ಕರಡು ಎತ್ತಿಕೊಂಡು ಆ ಹೆಸರುಗಳಿಗೆಲ್ಲ ಆಟದಲ್ಲಿ ಮಂದಿ ಮಾಡತೊಡಗಿದಳು. ಅಜ್ಜಂದಿರು, ಸೋದರತ್ತೆಯರು, ಬೀಗರು. ಅದು ಮುಗಿದ ಮೇಲೆ ಇನ್ನೊಂದು ಕರಡು. ಇದೆಂಥ ಹುಚ್ಚು, ಅವರು ಯಾರ ಬಳಗವೋ ಏನೋ ಎಂದೆ. ಯಾರದಾದರೇನು ಎಂದಳು. ದಿನವೂ ಇದೇ ನಡೆಯಿತು. ಊರು ತುಂಬಿತು, ಎಲ್ಲರನ್ನೂ ಊಟಕ್ಕೆ ಕರೆದಳು. ಬಾಗಿಲಲ್ಲಿ ಬೀಗರಿಗೆ ಬೀಗರು ಅಡ್ಡ ನಿಂತು ಕೈ ಬೀಸಿದರು. ಫ್ಯಾನ್ ಕೂಗಿತು. ಗಡಿಯಾರ ಕುಂಟಿತು, ಆಮೇಲೆ ನಿಂತಿತು.

ಅಕ್ಕ ಮೌಸಿನಿಂದ ಕೈ ತೆಗೆದಳು. ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿ ಕೂತಳು.

"ಹಾಂ, ಈಗ ಹೇಳು. ಸಲಿಕಿ ಎಲ್ಲಿ ಇಟ್ಟೀದಿ?"

ನನಗೆ ಮೊದಲು ನಗು ಬಂತು, ಹಿಂದೆಯೇ ಅಳು ಬಂತು. ಎರಡಕ್ಕೂ ಅಕ್ಕ, ಚಹಾ ಇಡು ಎಂದಳು.

ಹೊಸ ಪ್ರೊಸೆಸರ್ ಇಷ್ಟು ಬೇಗ ಸೋತದ್ದು ನಮ್ಮ ಮನೆಯವರಿಗೆ ಅವಮಾನ. ತಾವೇ ತೊಡೆಯ ಮೇಲಿಟ್ಟುಕೊಂಡು ತಂದದ್ದು. ಕಂಪ್ಯೂಟರಿನಲ್ಲಿ ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಒಂದು ಕಿಟಕಿ ಇರುತ್ತದೆ, ಅದನ್ನು ತೆರೆದು ತೋರಿಸಿದೆ. ನಾಲ್ಕು ಚೌಕ ಇದ್ದವು. ಒಂದರಲ್ಲಿ ಗೆರೆ ನೆತ್ತಿಗೆ ಹತ್ತಿ ಅಲ್ಲೇ ನಿಂತಿತ್ತು. ಉಳಿದ ಮೂರರಲ್ಲಿ ನೆಲಕ್ಕೆ ಮಲಗಿತ್ತು. ಅವರು ರಿಪೇರಿಯವನಿಗೆ ಫೋನ್ ಹಚ್ಚಿ, ಮೂರು ಕೋರ್ ಸುಮ್ಮನೆ ಕೂತಿವೆಯಲ್ಲ, ಯಾಕೆ ಎಂದು ದಬಾಯಿಸಿದರು. ಆಟ ಹಳೆಯದು, ಆಗ ಒಂದೇ ಕೋರ್ ಇರುತ್ತಿತ್ತು, ಕೆಲಸ ಹಂಚುವುದು ಇದಕ್ಕೆ ಬರುವುದಿಲ್ಲ ಎಂದ ಅವನು. ಹೊಸದರ ಒಂದು ಕೋರ್ ಹಳೆಯದಕ್ಕಿಂತ ಗಟ್ಟಿ, ಅದಕ್ಕೇ ಮೊದಲು ಜೋರಾಯಿತು. ಮಂದಿ ಹೀಗೆ ಹೆಚ್ಚಿಸಿದರೆ ಅದೂ ಸಾಲದು, ಉಳಿದ ಮೂರು ಇದ್ದೂ ಇಲ್ಲದಂತೆ. ನಮ್ಮ ಮನೆಯವರಿಗೆ ಇದು ತಲೆಗೆ ಹೋಗಲಿಲ್ಲ. ನಾನು ಬಿಡಿಸಿ ಹೇಳಿದೆ: ಅಡುಗೆಮನೆಯಲ್ಲಿ ನಾಲ್ಕು ಒಲೆ ಹೂಡಿ ಕೊಟ್ಟಿದ್ದೀರಿ, ಈ ಆಟ ಎಲ್ಲರ ಅಡುಗೆಯನ್ನೂ ಒಂದೇ ಒಲೆಯ ಮೇಲೆ ಮಾಡುತ್ತಿದೆ. ಅದು ತಿಳಿಯಿತು. ಚೌಕಗಳನ್ನು ಇನ್ನೊಮ್ಮೆ ಎಣಿಸಿ ಹೊರಗೆ ಹೋದರು.

ಮಳೆಗಾಲ ಮುಗಿದ ಮೇಲೆ ಓಣಿ ಅಗೆದು ಹೊಸ ಪೈಪು ಹಾಕಿದರು. ಭಾವನ ಅಂಗಳದಲ್ಲಿ ನಳ ನಿಂತಿತು. ನಾನು ಅದರಲ್ಲಿ ನೀರು ಬರದಿರಲಿ ಎಂದು ದೇವರಿಗೆ ಕಾಯಿ ಹರಕೆ ಹೊತ್ತೆ. ನೀರು ಬಂತು, ಹರಕೆಯ ಕಾಯಿ ಉಳಿಯಿತು. ಭಾವ ಇಟ್ಟಂಗಿ ತಂದು ಹಾಕಿಸಿದರು. ಗೋಡೆ ಕಟ್ಟಿದ್ದ ಗೌಂಡಿಯನ್ನೇ ಕರೆಸಿದರು. ತನ್ನ ಕೆಲಸ ಅರ್ಧ ಉಳಿದದ್ದು ಮುಗಿಯುತ್ತದಲ್ಲ ಎಂದು ಅವನಿಗೆ ಖುಷಿ.

ಅವನು ಬಂದದ್ದು ಮಧ್ಯಾಹ್ನ. ಗೋಡೆ ತಮ್ಮ ಕಡೆ ಒಂದು ಬೆರಳು ಸರಿದೀತು ಎಂದು ಅಣ್ಣ ಆ ಕಡೆ, ತಮ್ಮ ಈ ಕಡೆ ಕಾವಲು ನಿಂತರು. ಏನು ಹೇಳುವುದಿದ್ದರೂ ಗೌಂಡಿಗೆ ಹೇಳುತ್ತಿದ್ದರು. ಅವನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಮುಖ ಮಾಡಿ ಅದನ್ನೇ ಇನ್ನೊಮ್ಮೆ ಹೇಳುತ್ತಿದ್ದ. ಸಿಮೆಂಟು, ಉಸುಕು ಕಲಸಿ ಪುಟ್ಟಿಯಲ್ಲಿ ಮಾಲು ಸಿದ್ಧ ಮಾಡಿ ಅವನು ಅದನ್ನು ಮೆತ್ತುವ ಥಾಪಿ ಕೈಗೆ ತೆಗೆದುಕೊಂಡ. ಆಗ ಭಾವನಿಗೆ ತಮ್ಮ ಹೆಂಡತಿ ಗೋಡೆಯ ಈ ಕಡೆ ಇರುವುದು ನೆನಪಾಯಿತು. ಅಕ್ಕ ಎಂದಿನಂತೆ ಬಂದು ಕಂಪ್ಯೂಟರಿನ ಮುಂದೆ ಕೂತಿದ್ದಳು. ಕೊಡವನ್ನೂ ತಂದಿದ್ದಳು, ಅವಳ ಮನೆಯಲ್ಲೇ ನಳ ಇದ್ದರೂ.

ಬರಲಿಕ್ಕೆ ಹೇಳು ಎಂದು ಭಾವ ಗೌಂಡಿಗೆ ಹೇಳಿದರು. ಗೌಂಡಿ ನಮ್ಮ ಮನೆಯವರಿಗೆ, ನಮ್ಮ ಮನೆಯವರು ನನಗೆ, ನಾನು ಅಕ್ಕನಿಗೆ. ಅಕ್ಕ ಪರದೆಯಿಂದ ಕಣ್ಣು ತೆಗೆಯದೆ ಹಿತ್ತಲಿಗೆ ಕೇಳುವಷ್ಟು ದನಿ ಎತ್ತಿ ಹೇಳಿದಳು:

"ಮಂದಿ ಉಣ್ಣಾಕ ಕುಂತಾರ. ಉಣ್ಣೋರನ್ನ ಎಬ್ಬಸಬಾರದು."

ಈ ಮಾತನ್ನು ನಮ್ಮ ಮನೆತನದಲ್ಲಿ ಯಾರೂ ಮೀರುವಂತಿಲ್ಲ. ಅತ್ತೆ ಬದುಕಿದ್ದಾಗ ಇದು ಅವಳ ಕಾನೂನು. ವಸೂಲಿಗೆ ಬಂದವನಿರಲಿ, ಸಾವಿನ ಸುದ್ದಿ ತಂದವನಿರಲಿ, ಉಣ್ಣುವವರು ಕೈ ತೊಳೆಯುವ ತನಕ ಹೊರಗೆ ನಿಲ್ಲಬೇಕಿತ್ತು. ಭಾವನಿಗೆ ಅಲ್ಲಿ ಉಣ್ಣುತ್ತಿರುವವರು ಯಾರು ಎಂಬ ಸಂಶಯ ಬಂದಿರಬೇಕು, ಸಂದಿನಲ್ಲಿ ಮೈ ಅಡ್ಡ ಮಾಡಿ ಈ ಕಡೆ ದಾಟಿದರು. ಗೋಡೆ ಎದ್ದ ಮೇಲೆ ಅವರು ನಮ್ಮ ನೆಲ ಮೆಟ್ಟಿದ್ದು ಆವತ್ತೇ. ನಾನು ಸೆರಗು ತಲೆಗೆ ಎಳೆದುಕೊಂಡು ಗೋಡೆಗೆ ಸರಿದೆ. ನಮ್ಮ ಮನೆಯವರು ಹಿಂದೆ ಬಂದು ಬಾಗಿಲಲ್ಲಿ ನಿಂತರು.

"ಯಾರು ಉಣ್ಣಾಕತ್ತಾರ?" ಎಂದರು ಭಾವ.

"ನೀವೇ ಉಣ್ಣಾಕತ್ತೀರಿ. ನೋಡ್ರಿ," ಎಂದಳು ಅಕ್ಕ. ಒಬ್ಬೊಬ್ಬರನ್ನೇ ಬೊಟ್ಟು ಮಾಡಿ ತೋರಿಸಿದಳು. ಇವಳು ಅತ್ತೆ. ಇವರು ಮಾವ. ಇದು ನೀವು, ಪಕ್ಕದಲ್ಲಿ ಮೈದುನ.

ಆಟದ ಮನೆಯ ಅಂಗಳದಲ್ಲಿ ಉದ್ದಕ್ಕೆ ಎಲೆ ಹಾಕಿದ ಹಾಗೆ ಮೇಜು ಜೋಡಿಸಿ ಎಲ್ಲರನ್ನೂ ಕೂರಿಸಿದ್ದಳು. ಭಾವ ಬಗ್ಗಿ ನೋಡಿದರು. ತಾಯಿಯ ಕೈ ತುತ್ತು ಹಿಡಿದು ಬಾಯಿಗೂ ತಟ್ಟೆಗೂ ನಡುವೆ ನಿಂತಿತ್ತು. ಅಲ್ಲಾಡುತ್ತಿಲ್ಲವಲ್ಲ ಎಂದು ಅವರು ಅಕ್ಕನನ್ನು ಕೇಳಿದರು. ಅಲ್ಲಾಡುತ್ತದೆ, ಕೂಡ್ರಿ ಎಂದಳು. ಲಗ್ನಪತ್ರಿಕೆಯ ಗಿರಾಕಿಗಳು ಕೂರುವ ಬೆಂಚಿನ ಮೇಲೆ ಭಾವ ಕೂತರು. ಇನ್ನೊಂದು ತುದಿಯಲ್ಲಿ ನಮ್ಮ ಮನೆಯವರು ಕೂತರು, ಬೇರೆ ಬೆಂಚು ಇರಲಿಲ್ಲ.

ಗೌಂಡಿ ಹಿತ್ತಲಿನಿಂದ ಒಮ್ಮೆ ಕೂಗಿದ. ಊಟ ನಡೆದಿದೆ ಎಂದೆ. ಹೊರಗೆ ಬಿಸಿಲು ಇಟ್ಟಂಗಿ ಸುಡುವ ಹಾಗಿತ್ತು. ಆವತ್ತು ಕರೆಂಟೂ ಹೋಗಲಿಲ್ಲ, ಅದೊಂದು ನಮ್ಮ ಊರಿಗೆ ಒಪ್ಪದ ಸಂಗತಿ. ಅತ್ತೆಯ ಕೈ ಜಿಗಿದು ಬಾಯಿಗೆ ಮುಟ್ಟಿತು. ಬೀಗರಲ್ಲಿ ಕೆಲವರು ಉಂಡು ಎದ್ದು ತಮ್ಮ ಮನೆಗೆ ಹೊರಟರು. ಹೋದವರ ಭಾರ ಇಳಿದ ಹಾಗೆಲ್ಲ ಗಡಿಯಾರ ಚುರುಕಾಯಿತು. ಆಟದ ಭಾವ ತಟ್ಟೆ ಖಾಲಿ ಮಾಡಿದರು. ಆಟದ ಮಾವ ಎದ್ದು ನಿಂತರು. ಬೆಂಚಿನ ಮೇಲಿನ ಭಾವ, ಮುಗಿಯಿತಲ್ಲ ಎಂದು ಮೊಣಕಾಲಿಗೆ ಕೈ ಊರಿದರು. ಹಿತ್ತಲಲ್ಲಿ ಥಾಪಿ ಪುಟ್ಟಿಗೆ ತಾಗಿದ ಸದ್ದು ಕೇಳಿತು.

ಅಕ್ಕನ ಕೈ ಮೌಸಿನ ಮೇಲೆ ಸುಮ್ಮನೆ ಇತ್ತು. ಅವಳು ಪರದೆ ಬಿಟ್ಟು ಹಿತ್ತಲಿನ ಕಡೆ ನೋಡುತ್ತಿದ್ದಳು. ಮಂದಿ ಕಡಿಮೆ ಮಾಡು, ಕಡಿಮೆ ಮಾಡು ಎಂದು ಅವಳ ಜೀವ ತಿಂದವಳು ನಾನು. ಭಾವನ ಎದುರು ತಮ್ಮನ ಹೆಂಡತಿ ಹೀಗೆ ಮುಂದೆ ಬರಬಾರದು ಎಂಬುದೂ ಗೊತ್ತಿತ್ತು. ಹೋಗಿ ಅವಳ ಕೈ ಸರಿಸಿ ಮೌಸ್ ಹಿಡಿದೆ. ಆಟದಲ್ಲಿ ಫೋನ್ ಎತ್ತಿ ಊಟಕ್ಕೆ ಕರೆಯುವುದು ಇದೆಯಲ್ಲ, ಅದನ್ನು ತೆರೆದು ಯಾರ್ಯಾರು ಬರಬಲ್ಲರೋ ಅಷ್ಟೂ ಮಂದಿಯನ್ನು ಕರೆದೆ. ಟಪಾಲಿನವನನ್ನೂ ಬಿಡಲಿಲ್ಲ.

ಅವರೆಲ್ಲ ಬಾಗಿಲಿಗೆ ಬಂದರು. ಎದ್ದ ಮಾವ ಅರ್ಧ ಎದ್ದಲ್ಲೇ ನಿಂತರು. ಫ್ಯಾನ್ ಕೂಗಿತು. ನಾನು ಮೌಸ್ ಬಿಟ್ಟು ಮತ್ತೆ ಗೋಡೆಗೆ ಸರಿದೆ. ಅಕ್ಕ ನನ್ನ ಕಡೆ ನೋಡಲಿಲ್ಲ.

ಬಿಸಿಲು ಕಿಟಕಿಯಿಂದ ಮೇಜಿಗೆ, ಮೇಜಿನಿಂದ ಬೆಂಚಿಗೆ ಬಂತು. ಕೊನೆಗೆ ಗೌಂಡಿಯೇ ಒಳಗೆ ಬಂದ. ಪುಟ್ಟಿಯನ್ನು ಬೋರಲು ಹಾಕಿ ತೋರಿಸಿದ. ಮಾಲು ಬೀಳಲಿಲ್ಲ, ಕಲ್ಲಾಗಿತ್ತು. ಇನ್ನು ಇದು ಆಗುವುದಲ್ಲ, ನಾಳೆ ನನಗೆ ದೋರನಹಳ್ಳಿಯಲ್ಲಿ ಕೆಲಸ ಇದೆ, ನಿಮಗೆ ಬಿಡುವಾದಾಗ ಹೇಳಿ ಕಳಿಸಿರಿ ಎಂದು ಅಣ್ಣತಮ್ಮ ಇಬ್ಬರಿಗೂ ಒಂದೇ ಸಲ ಹೇಳಿ ಹೋದ. ಈ ಕಡೆ ಆ ಕಡೆ ಮುಖ ಮಾಡುವ ಅವಶ್ಯಕತೆ ಇರಲಿಲ್ಲ, ಇಬ್ಬರೂ ಒಂದೇ ಬೆಂಚಿನ ಮೇಲಿದ್ದರು.

ಭಾವ ಪರದೆಯನ್ನೇ ನೋಡುತ್ತಿದ್ದರು. ತಲೆ ತಿರುಗಿಸದೆ ಕೇಳಿದರು:

"ಎಂಥಾ ಪ್ರೊಸೆಸರ್ ತಂದೀಯೋ ತಮ್ಮಾ ಇದಕ್ಕ?"

ನಮ್ಮ ಮನೆಯವರು ಬೆಂಚಿನ ಮೇಲೆ ಅಣ್ಣನ ಕಡೆ ಸ್ವಲ್ಪ ಸರಿದರು.

"ಹೊಸಾದೇ ತಂದೀನಣ್ಣಾ. ನಾಕ ಒಲಿ ಅದಾವ ಅದರಾಗ. ಆದ್ರ ಈ ಆಟ ಎಲ್ಲಾರ ಅಡಗೀನೂ ಒಂದ ಒಲಿ ಮ್ಯಾಲೇ ಮಾಡ್ತದ."

"ಹಂಗಾದ್ರ ತಡಾ ಆಗೋದೇ," ಎಂದರು ಭಾವ.

ಅಷ್ಟು ಹೇಳಿ ಅವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಅವರ ಅಂಗಳದಲ್ಲಿ ಹೊಸ ನಳ ಇತ್ತು, ಒಳಗೆ ಕೊಡ ತುಂಬಿ ಇಟ್ಟಿತ್ತು. ನಾನು ನಿಂತ ಕಡೆ ನೋಡದೆ, ಆದರೆ ನನಗೇ ಹೇಳಿದರು:

"ಯವ್ವಾ, ಒಂದ ತಂಬಗಿ ನೀರ ಕೊಡು."

ತಂದು ಕೊಟ್ಟೆ. ಅವರು ಪೂರ್ತಿ ಕುಡಿದು ತಂಬಿಗೆಯನ್ನು ಬೆಂಚಿನ ಮೇಲೆ ಇಟ್ಟರು. ಇದು ಪುರಸಭೆಯ ನೀರು ಎಂದು ಈ ಸಲ ಯಾರೂ ಹೇಳಲಿಲ್ಲ.